ಬಾಲ್ಕನಿಗೆ ಬಟ್ಟೆ ಹಾಕಿದ ಭಾನುವಾರ

ಎದುರು ಮನೆಯ ಹುಡುಗಿ ನಮ್ಮ ಬಾಗಿಲು ಬಡಿದದ್ದು ಒಂದು ಗುರುವಾರ ಮಧ್ಯಾಹ್ನ. ಬೆಲ್ ಒತ್ತಲಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದಳು. ನಾನು ಅಡಿಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದೆ. ತೆರೆಯುವ ಮನಸ್ಸು ನನಗಿರಲಿಲ್ಲ. ತೆರೆದದ್ದು ಯಾಯಾ.

ಯಾಯಾ ಅಂದರೆ ನಾನು ನೋಡಿಕೊಳ್ಳುತ್ತಿದ್ದ ಮುದುಕಿ. ಸ್ಪೇನ್ ದೇಶದವಳು, ತೊಂಬತ್ತು ದಾಟಿತ್ತು. ಅವರ ಕಡೆ ಅಜ್ಜಿಗೆ ಯಾಯಾ ಅನ್ನುತ್ತಾರಂತೆ. ಮೊಮ್ಮಗಳು ಹಾಗೆ ಕರೆಯುತ್ತಿದ್ದಳು, ನಾನೂ ಹಾಗೇ ಕರೆದೆ. ಆ ಮೊಮ್ಮಗಳು ಅಬುಧಾಬಿಯಲ್ಲಿ ಇಂಜಿನಿಯರ್. ಅಲ್ಲಿನ ಖಾಲಿದಿಯಾ ಬಡಾವಣೆಯ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ. ಆ ವಾರ ಅವಳು ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ನನಗೂ ಆಗ ಅರವತ್ತಾರೋ ಅರವತ್ತೇಳೋ. ಮುದುಕಿಯನ್ನು ಕಾಯಲು ಇನ್ನೊಂದು ಮುದುಕಿ.

ನಾನು ಅಳಿಯನ ವೀಸಾದಲ್ಲಿ ಬಂದವಳು. ಮಗಳ ಮನೆ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅಬುಧಾಬಿಯಲ್ಲಿ ಇನ್ನೊಬ್ಬರ ಮನೆಗೆಲಸ ಮಾಡಲು ನನ್ನ ಹತ್ತಿರ ಕಾಗದ ಇರಲಿಲ್ಲ. ಅದು ಯಾಯಾಳ ಮೊಮ್ಮಗಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಹುಡುಗಿ ಒಳಗೆ ಬಂದವಳೇ ಗೋಡೆಗೆ ಅಂಟಿಕೊಂಡಳು.

"ಬಾಗಲಾ ಹಾಕ್ರಿ. ನಿಮ್ಮ ಕಾಲಿಗಿ ಬೀಳ್ತೀನಿ, ಮೊದಲ ಬಾಗಲಾ ಹಾಕ್ರಿ."

ಕನ್ನಡ! ಎಂಟು ತಿಂಗಳಿಂದ ಎದುರು ಮನೆಯಲ್ಲಿ ಕೆಲಸಕ್ಕಿದ್ದವಳು. ಕಸದ ಚೀಲ ಹೊರಗಿಡುವಾಗ ಮಾತ್ರ ಕಾಣುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. ನಾನು ಅವಳನ್ನು ಬೇರೆ ಯಾವುದೋ ದೇಶದವಳು ಅಂದುಕೊಂಡಿದ್ದೆ. ಕಲಬುರಗಿ ಕಡೆಯವಳಂತೆ. ತಲೆಗೂದಲನ್ನು ಯಾರೋ ಅಡ್ಡಾದಿಡ್ಡಿ ಕತ್ತರಿಸಿ ಬಿಟ್ಟಿದ್ದರು. ಅನ್ನದಲ್ಲಿ ಒಂದು ಕೂದಲು ಸಿಕ್ಕಿತೆಂದು ಆ ಮನೆಯ ಹೆಂಗಸು ಕತ್ತರಿ ತಂದಳಂತೆ. ಬಲಗೈಯ ಎರಡು ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಅದನ್ನು ಮಾಡಿದ್ದು ಗಂಡಸು, ಕಪಾಟಿನ ಬಾಗಿಲಿಗೆ ಸಿಕ್ಕಿಸಿ.

"ಪೊಲೀಸಿಗೆ ಹೋಗು" ಅಂದೆ.

"ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಾಗ ಐತ್ರಿ. ಕದ್ದು ಓಡಿಹೋಗ್ಯಾಳಂತ ಬರಸ್ತಾರ. ತಿರುಗಿ ಅವರ ಕೈಗೇ ಕೊಟ್ರ ನಾ ಉಳಿಯಂಗಿಲ್ರಿ. ನಮ್ಮ ಎಂಬೆಸಿಗಿ ಮುಟ್ಟಿಸ್ರಿ, ಸಾಕು."

ಆಗ ಇಲ್ಲಿ ಶುಕ್ರವಾರ ಶನಿವಾರ ರಜೆ. ಗುರುವಾರ ಮಧ್ಯಾಹ್ನದ ಮೇಲೆ ಯಾವ ಕಚೇರಿಯೂ ಇಲ್ಲ. ಅಂದರೆ ಭಾನುವಾರ ಬೆಳಗಿನ ತನಕ ಅವಳನ್ನು ನಾವು ಇಟ್ಟುಕೊಳ್ಳಬೇಕು, ಅವಳ ಯಜಮಾನನ ಬಾಗಿಲಿನಿಂದ ಆರು ಹೆಜ್ಜೆ ದೂರದಲ್ಲಿ.

ನಾನು ಬೇಡ ಅಂದೆ. ಸುಳ್ಳು ಯಾಕೆ ಬರೆಯಲಿ. ನಿನ್ನ ಹೆಸರೇನು, ಅಲ್ಲಿ ಯಾರಾದರೂ ಪರಿಚಯದವರು ಇದ್ದಾರಾ ಅಂತ ಕೇಳಿ ಸಾಗಹಾಕುವ ಯೋಚನೆ ನನ್ನದು. ಹೆಸರು ಕೇಳುವಷ್ಟರಲ್ಲಿ ಯಾಯಾ ವಾಕರ್ ಎತ್ತಿ ನೆಲಕ್ಕೆ ಕುಟ್ಟಿದಳು.

"ನೇಮ್ ಮಾಫಿ!"

ನಮ್ಮಿಬ್ಬರ ಭಾಷೆ ಅಂಥದ್ದು. ನಾಲ್ಕು ಇಂಗ್ಲಿಷ್ ಮಾತು, ಅದಕ್ಕೆ ಇಲ್ಲಿಯ ಮಾಫಿ, ಖಲಾಸ್, ಯಲ್ಲಾ. ಮಾಫಿ ಅಂದರೆ ಇಲ್ಲ, ಖಲಾಸ್ ಅಂದರೆ ಮುಗಿಯಿತು, ಯಲ್ಲಾ ಅಂದರೆ ಬೇಗ ನಡಿ. ಅಷ್ಟರಲ್ಲಿ ಸಂಸಾರ ನಡೆಯುತ್ತಿತ್ತು. ಗೊತ್ತಿಲ್ಲದ ಹೆಸರನ್ನು ಯಾರು ಹೊಡೆದರೂ ಬಾಯಿಬಿಡಿಸಲಾರರು ಅಂತ ಆಮೇಲೆ ಕೈಸನ್ನೆಯಲ್ಲಿ ತಿಳಿಸಿದಳು. ಆ ಹುಡುಗಿಯ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಸಂಜೆ ಬೆಲ್ ಆಯಿತು. ಎದುರು ಮನೆಯ ಗಂಡಸು. ಹುಡುಗಿಯನ್ನು ಅಡಿಗೆಮನೆಯ ಹಿಂದಿನ ಸಾಮಾನಿನ ಕೋಣೆಗೆ ನೂಕಿ, ಅಕ್ಕಿಚೀಲವನ್ನು ಬಾಗಿಲಿಗೆ ಅಡ್ಡ ಎಳೆದು ಹೋಗಿ ತೆರೆದೆ. ಒಳ್ಳೆ ಇಸ್ತ್ರಿ ಅಂಗಿ, ಅತ್ತರಿನ ವಾಸನೆ. ಕೈಯಲ್ಲಿ ಖರ್ಜೂರದ ಡಬ್ಬಿ. ಹಿಂದಿಯಲ್ಲಿ ಮಾತಾಡಿದ.

"ಅಮ್ಮಾ, ತೊಂದರೆ ಕೊಟ್ಟೆ. ನಮ್ಮ ಕೆಲಸದವಳು ಕಾಣೆಯಾಗಿದ್ದಾಳೆ. ಪಾಪ, ತಲೆ ಸರಿಯಿಲ್ಲ. ಚಿನ್ನವನ್ನೂ ತಗೊಂಡು ಹೋಗಿದ್ದಾಳೆ. ನೋಡಿದೆಯಾ?"

"ಇಲ್ಲ."

"ಬಂದರೆ ಹೇಳ್ತೀಯಲ್ಲ?"

"ಹೇಳ್ತೇನೆ."

ಡಬ್ಬಿ ಕೊಟ್ಟ. ತಿರುಗಿದವನು ಮತ್ತೆ ನಿಂತ. ನಗುತ್ತಲೇ ಕೇಳಿದ:

"ಅಮ್ಮಾ, ನಿನ್ನ ವೀಸಾ ಯಾರದು?"

 ಉತ್ತರಕ್ಕೆ ಕಾಯದೆ ಹೋದ. ಬಾಗಿಲು ಹಾಕಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಯಾಯಾ ಖರ್ಜೂರ ಒಂದನ್ನು ತೆಗೆದು ತಿಂದಳು, ಬೀಜ ಅಂಗೈಗೆ ಉಗಿದಳು. "ಗುಡ್" ಅಂದಳು. ಊಟ ಸಿಕ್ಕಿದಾಗ ತಿನ್ನಬೇಕು, ಯಾರದ್ದಾದರೂ ಸರಿ. ಅದೂ ಅವಳ ಒಂದು ಕಟ್ಟಳೆ.

ಶುಕ್ರವಾರ ನಾನು ಯಾವಾಗಲೂ ಬಸ್ಸು ಹಿಡಿದು ಮಗಳ ಮನೆಗೆ ಹೋಗುವ ದಿನ. ಹೋಗಲಿಲ್ಲ. ಮಗಳ ಫೋನು ಬಂತು. ನಮ್ಮ ಮಾತು ಬ್ಯಾರಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಉಮ್ಮಾ, ಬಸ್ಸು ಹತ್ತಿದಿರಾ?"

"ಇಲ್ಲ. ಮುದುಕಿಗೆ ಹುಷಾರಿಲ್ಲ."

"ನಿಮ್ಮ ಸ್ವರ ಎಂತ ಹಾಗೆ?"

"ಹೇಗೆ?"

"ಕದ್ದವರ ಹಾಗೆ."

"ನಿನ್ನ ಅಪ್ಪನ ಮನೆಯಲ್ಲಿ ಕದಿಯಲಿಕ್ಕೆ ಎಂತ ಇತ್ತು, ಅಭ್ಯಾಸ ಆಗಲಿಕ್ಕೆ? ಫೋನ್ ಇಡು."

ಹಿಂದಿನಿಂದ ಮೊಮ್ಮಗ "ಈಸ್ ಶಿ ನಾಟ್ ಕಮಿಂಗ್?" ಅಂದದ್ದು ಕೇಳಿಸಿತು. ನನಗೆ ಏನಾದರೂ ಆದರೆ ಅಳಿಯನ ವೀಸಾಕ್ಕೂ ಕುತ್ತು. ಆ ಮಗುವಿನ ಶಾಲೆಗೂ ಕುತ್ತು.

ಇಡೀ ಶುಕ್ರವಾರ ಆ ಗಂಡಸು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಅವರ ಬಾಗಿಲು ತೆರೆಯುವ ಸದ್ದು, ಮುಚ್ಚುವ ಸದ್ದು, ಲಿಫ್ಟ್ ಬರುವ ಸದ್ದು, ಅಷ್ಟೇ. ಒಮ್ಮೆ ಬಾಗಿಲ ಕಣ್ಣಿನಲ್ಲಿ ನೋಡಿದೆ. ನಾತೂರ್, ಅಂದರೆ ಕಟ್ಟಡದ ಕಾವಲಿನವನು, ಲಿಫ್ಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ನಮ್ಮ ಬಾಗಿಲ ಕಡೆ ಮುಖಮಾಡಿ ಕೂತಿದ್ದ. ಅವನು ಯಾವತ್ತೂ ಮೂರನೇ ಮಹಡಿಯಲ್ಲಿ ಕೂತವನಲ್ಲ.

ಯಾಯಾ ಆ ದಿನ ಹುಡುಗಿಯ ಬೆರಳಿಗೆ ಹಳೇ ದಿಂಬಿನ ಬಟ್ಟೆ ಕಟ್ಟಿದಳು. ಕಟ್ಟುತ್ತಾ ತನ್ನ ಕಥೆ ಹೇಳಿದಳು. ನಾನು ಅದನ್ನು ಮೊಮ್ಮಗಳ ಬಾಯಲ್ಲಿ ಮುಂಚೆಯೇ ಕೇಳಿದ್ದೆ. ಹುಡುಗಿಗೆ ಕನ್ನಡದಲ್ಲಿ ಹೇಳಿದೆ.

ಅವರ ದೇಶದಲ್ಲಿ ಅಣ್ಣತಮ್ಮಂದಿರೇ ಹೊಡೆದಾಡಿ ಅವಳ ಅಪ್ಪನ ಕಡೆಯವರು ಸೋತರು. ಹದಿಮೂರು ವರ್ಷದವಳು, ಅಮ್ಮನ ಜೊತೆ ಹಿಮದ ಗುಡ್ಡ ಹತ್ತಿ ಇಳಿದು ಫ್ರಾನ್ಸಿಗೆ ಹೋದಳು. ಅಮ್ಮ ಹೊಲಿಗೆ ಮೆಷಿನ್ನಿನ ತಲೆಭಾಗ ಹೊತ್ತಿದ್ದಳಂತೆ, ಅರ್ಧ ದಾರಿಯಲ್ಲಿ ಹಿಮದಲ್ಲಿ ಇಟ್ಟು ಬಂದಳಂತೆ. ಅಲ್ಲಿ ಇವರನ್ನು ಸಮುದ್ರದ ದಂಡೆಯಲ್ಲಿ ಮುಳ್ಳುತಂತಿಯ ಒಳಗೆ ಹಾಕಿದರು. ಮರಳಲ್ಲಿ ಗುಂಡಿ ತೋಡಿ ಮಲಗಬೇಕು. ನಾನು ಜೊತೆಗಿದ್ದ ಎರಡು ವರ್ಷದಲ್ಲಿ ಯಾಯಾ ತನ್ನನ್ನು ಕಡಲದಂಡೆಗೆ ಕರೆದುಕೊಂಡು ಹೋಗು ಅಂತ ಒಂದು ದಿನವೂ ಕೇಳಲಿಲ್ಲ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇತ್ತು.

ಆಮೇಲೆ ಜರ್ಮನಿಯ ಸೈನ್ಯ ಫ್ರಾನ್ಸಿಗೂ ಬಂತು. ಇವಳು ಒಂದು ಊರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಸೈನಿಕರ ಅಂಗಿಯೂ ಅಲ್ಲಿಗೇ ಬರುತ್ತಿತ್ತು. ಮಡಿಚಿದ ಅಂಗಿಗಳ ನಡುವೆ ಕಾಗದ ಇಟ್ಟು, ಬುಟ್ಟಿ ಹೊತ್ತು, ಸೈನ್ಯದ ವಿರುದ್ಧ ಕದ್ದು ಕೆಲಸ ಮಾಡುವವರಿಗೆ ಮುಟ್ಟಿಸುತ್ತಿದ್ದಳು. ಅವಳ ಕೋಣೆಯ ಕಿಟಕಿಯೇ ಗುರುತು. ಕಿಟಕಿಗೆ ಬಟ್ಟೆ ಹಾಕಿದ್ದರೆ ಅಪಾಯ, ಬರಬೇಡ. ಬಟ್ಟೆ ಇಲ್ಲದಿದ್ದರೆ ಬಾ.

ಒಂದು ದಿನ ಬೆಳಿಗ್ಗೆ ಪೊಲೀಸರು ಮನೆಗೆ ನುಗ್ಗಿ ಬಾಗಿಲ ಹಿಂದೆ ಕಾದು ಕೂತರು. ಹೊರಗೆ ಮಳೆ. ಮಳೆಯಲ್ಲಿ ಬಟ್ಟೆ ಒಣಹಾಕಿದರೆ ಪೊಲೀಸರಿಗೆ ಸಂಶಯ ಬರುತ್ತದೆ ಅಂತ ಇವಳು ಹಾಕಲಿಲ್ಲ. ಬಟ್ಟೆ ಇಲ್ಲದ್ದು ನೋಡಿ ಅವರ ಗುಂಪಿನವನೊಬ್ಬ, ರೊಟ್ಟಿ ಸುಡುವ ಕೆಲಸದವನು, ಮೆಟ್ಟಿಲು ಹತ್ತಿ ಬಂದ. ಹಿಡಿದರು. ಅವನು ಇವಳ ಕಡೆ ಕಣ್ಣೆತ್ತಲಿಲ್ಲ. ನೋಡಿದ್ದರೆ ಇವಳೂ ಹೋಗುತ್ತಿದ್ದಳು. ಯುದ್ಧ ಮುಗಿದು ಎಲ್ಲರೂ ಅವರವರ ಊರಿಗೆ ಹೋದರು. ಇವಳ ದೇಶದಲ್ಲಿ ಮಾತ್ರ ಅಪ್ಪನ ಕಡೆಯವರನ್ನು ಸೋಲಿಸಿದ ಆಳೇ ಇನ್ನೂ ಕುರ್ಚಿಯಲ್ಲಿದ್ದ. ತಲೆ ನರೆಯುವವರೆಗೂ ಹೋಗಲಾಗಲಿಲ್ಲ.

ಹುಡುಗಿ ಕೇಳಿದಳು: "ಆ ರೊಟ್ಟಿಯವ ಏನಾದ್ನ್ರಿ?"

ಯಾಯಾಳಿಗೆ ಪ್ರಶ್ನೆ ತಿಳಿಯಿತು. "ಖಲಾಸ್" ಅಂದಳು. ಗಂಟು ಬಿಗಿದಳು.

ಶನಿವಾರ ಹಾಲು ತರುವ ನೆಪದಲ್ಲಿ ಕೆಳಗೆ ಹೋದೆ. ನಮ್ಮ ಬಾಲ್ಕನಿಯ ಎದುರಿಗೆ, ಹಿಂದಿನ ಓಣಿಯಲ್ಲಿ ಒಂದು ಬಕಾಲ ಇತ್ತು, ಚಿಕ್ಕ ದಿನಸಿ ಅಂಗಡಿ. ಅಲ್ಲಿ ಕೆಲಸಕ್ಕಿದ್ದವನು ನಮ್ಮ ಬಂಟ್ವಾಳ ಕಡೆಯವನು, ನಲವತ್ತರ ಆಸುಪಾಸು. ನನ್ನನ್ನು ಉಮ್ಮಾ ಅಂತಲೇ ಕರೆಯುವುದು. ವಿಷಯ ಹೇಳಿದೆ. ಮೊಸರಿನ ಡಬ್ಬಗಳನ್ನು ಜೋಡಿಸುತ್ತಲೇ ಕೇಳಿದ.

"ಉಮ್ಮಾ, ನಿಮಗೆ ಈ ಪ್ರಾಯದಲ್ಲಿ ಇದೆಲ್ಲ ಯಾಕೆ? ತಸ್ಬೀಹ್ ಮಣಿಮಾಲೆ ಹಿಡಿದು ಕೂತ್ಕೊಳ್ಳಲಿಕ್ಕೆ ಆಗುದಿಲ್ವಾ?"

"ಅದೇ ಹಿಡಿದು ಕೂತಿದ್ದೆ. ಬಾಗಿಲು ಬಡಿದ್ರು. ನಿನ್ನ ಹತ್ರ ಆಗುದಿಲ್ಲ ಅಂದ್ರೆ ಆಗುದಿಲ್ಲ ಅನ್ನು."

"ಆಗುದಿಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ನನಗೆ ಹೆದರಿಕೆ ಅಂತ ಹೇಳಿದ್ದು." ಕೊನೆಯ ಡಬ್ಬ ಇಟ್ಟು ಹೇಳಿದ: "ಗಾಡಿ ಉಂಟು. ಭಾನುವಾರ ಎಂಟು ಗಂಟೆಗೆ ಹಿಂದಿನ ಗೇಟಿಗೆ ತರ್ತೇನೆ. ಆದ್ರೆ ಬರುದು ಒಂದೇ ಸಲ. ಅಲ್ಲಿ ಕ್ಯಾಮರಾ ಉಂಟು, ಸುಮ್ಮನೆ ಕಾಯ್ಲಿಕ್ಕೆ ಆಗುದಿಲ್ಲ. ಫೋನು ಮಾತ್ರ ಮಾಡ್ಬೇಡಿ. ನಾಳೆ ನಿಮ್ಮ ಫೋನು ಯಾರಾದ್ರೂ ನೋಡಿದ್ರೆ ನನ್ನ ನಂಬರು ಸಿಗ್ತದೆ."

ಮೇಲೆ ಬಂದು ಹೇಳಿದಾಗ ಯಾಯಾ ತಲೆಯಾಡಿಸಿದಳು. ಟೆಲಿಫೋನ್ ಮಾಫಿ, ಸರಿ. ಕಪಾಟಿನಿಂದ ಕೆಂಪು ಮೇಜುಬಟ್ಟೆ ತೆಗೆದಳು. ಹಾಕಿದ್ದರೆ ಅಪಾಯ, ಇಲ್ಲದಿದ್ದರೆ ಬಾ. ನಾನು ಮತ್ತೆ ಇಳಿದು ಹೋಗಿ ಅವನಿಗೆ ಹೇಳಿದೆ. "ಬಟ್ಟೆಯಾ? ಆಯ್ತು" ಅಂದ.

ಇಲ್ಲಿ ಬಾಲ್ಕನಿಯ ಕಂಬಿಗೆ ಬಟ್ಟೆ ಒಣಹಾಕಬಾರದು. ಊರಿನ ಅಂದ ಕೆಡುತ್ತದೆ ಅಂತ ಮುನ್ಸಿಪಾಲಿಟಿ ದಂಡ ಹಾಕುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಮೊಮ್ಮಗಳು ಹೇಳಿದ್ದಳು. ಎರಡು ವರ್ಷ ಸ್ನಾನದ ಮನೆಯ ಎದುರು ಸ್ಟ್ಯಾಂಡಿಗೆ ಬಟ್ಟೆ ಹಾಕಿದವಳು ನಾನು. ಆ ಬಕಾಲದವನು ಹತ್ತು ವರ್ಷದಿಂದ ಇಲ್ಲಿದ್ದವನು. ಇಬ್ಬರಿಗೂ ನೆನಪಾಗಲಿಲ್ಲ. ಯಾಯಾಳ ಊರಲ್ಲಿ ಎಲ್ಲ ಕಿಟಕಿಗೂ ಬಟ್ಟೆ ಇರುತ್ತಿತ್ತು, ಹಾಗಾಗಿ ಒಂದು ಬಟ್ಟೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಲ್ಲಿ ಬೀಳುತ್ತದೆ. ಅಷ್ಟು ಸಣ್ಣ ವಿಷಯ.

ಭಾನುವಾರ ಬೆಳಿಗ್ಗೆ ಹುಡುಗಿಗೆ ನನ್ನ ಬುರ್ಖಾ, ನನ್ನ ಬೂಟು ಹಾಕಿ ಮುಖ ಮುಚ್ಚಿದೆವು. ನನ್ನ ಬಲಮೊಣಕಾಲು ನೋವಿನದ್ದು, ನಾನು ಕುಂಟುವುದು ಕಟ್ಟಡದವರಿಗೆಲ್ಲ ಗೊತ್ತು. ಹುಡುಗಿ ಕುಂಟಿ ತೋರಿಸಿದಳು, ನಾಟಕದ ಕುಂಟನ ಹಾಗೆ. ಯಾಯಾ ಬೇಡ ಬೇಡ ಎಂದು ಕೈಯಾಡಿಸಿ, ಅಡಿಗೆಮನೆಯಿಂದ ಒಣ ಕಡಲೆ ಎರಡು ತರಿಸಿ ಅವಳ ಬಲಗಾಲಿನ ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಹಾಕಿದಳು.

"ಚುಚ್ಚತದ್ರಿ!"

"ಚುಚ್ಚಲಿ" ಅಂದೆ. "ಹಾಗೇ ನಡಿ. ಈಗ ನೀನೇ ನಾನು."

ಮನೆಯಿಂದ ಹೊರಗೆ ಬಿದ್ದರೆ ಲಿಫ್ಟ್ ದಾಟಿ ಆಚೆ ಹಿಂದಿನ ಮೆಟ್ಟಿಲು. ಅದನ್ನು ಇಳಿದರೆ ಗೇಟು. ಎಂಟಕ್ಕೆ ಹದಿನೈದು ನಿಮಿಷ ಇರುವಾಗ ಬಾಗಿಲ ಕಣ್ಣಿನಲ್ಲಿ ನೋಡಿದೆ. ಆ ಗಂಡಸು ಲಿಫ್ಟಿನ ಎದುರು ನಿಂತಿದ್ದ. ನಾತೂರನ ಜೊತೆ ಏನೋ ಪಿಸುಮಾತು. ಹೋಗುವ ಲಕ್ಷಣ ಇರಲಿಲ್ಲ.

"ಕ್ಲಾತ್" ಅಂದಳು ಯಾಯಾ. "ಯಲ್ಲಾ."

ಕೆಂಪು ಬಟ್ಟೆ ಕಂಬಿಗೆ ಹಾಕಿದೆ. ಓಣಿಯಲ್ಲಿ ಬಕಾಲದವನು ಗಾಡಿಯ ಪಕ್ಕ ನಿಂತಿದ್ದ. ನೋಡಿದ. ಕೀಲಿ ಜೇಬಿಗೆ ಹಾಕಿ ಅಂಗಡಿಯೊಳಗೆ ಹೋದ. ಸರಿಯಾಯಿತು ಅಂದುಕೊಂಡೆ. ಎದುರು ಮನೆಯವನು ಆಫೀಸಿಗೆ ಹೋದಮೇಲೆ ಬಟ್ಟೆ ತೆಗೆದರಾಯಿತು.

ಹತ್ತು ನಿಮಿಷವಾಗಿರಲಿಲ್ಲ, ಬೆಲ್. ಹುಡುಗಿ ಅಡಿಗೆಮನೆಯ ಬಾಗಿಲ ಹಿಂದೆ ಹೋದಳು. ತೆರೆದರೆ ನಾತೂರ್.

"ಅಮ್ಮಾ, ನಿನಗೆ ಹುಚ್ಚಾ? ಬಾಲ್ಕನಿಗೆ ಬಟ್ಟೆ ಹಾಕಿದ್ದೀಯ! ಕೆಳಗೆ ಮುನ್ಸಿಪಾಲಿಟಿಯವನು ನಿಂತು ಫೋಟೋ ಹೊಡೀತಿದ್ದಾನೆ. ನನ್ನ ಕೆಲಸ ಹೋಗ್ತದೆ. ತೆಗಿ ಅದನ್ನ!"

 ತೆಗೆದರೆ ಬಾ ಅಂತ ಅರ್ಥ.

"ಒದ್ದೆ ಉಂಟು. ಆಮೇಲೆ ತೆಗೀತೇನೆ."

"ಈಗಲೇ. ನನ್ನ ಎದುರಿಗೇ."

ಅವನ ಹೆಗಲ ಹಿಂದೆ ಎದುರು ಮನೆಯ ಗಂಡಸು ನಮ್ಮ ಹೊಸ್ತಿಲಿಗೆ ಬಂದು ನಿಂತಿದ್ದ. ಒಳಗೆಲ್ಲ ಕಣ್ಣಾಡಿಸುತ್ತಿದ್ದ. ಸೋಫಾ, ಮೇಜು, ಅಡಿಗೆಮನೆಯ ಬಾಗಿಲು. ನಾನು ನಿಧಾನ ಮಾಡಿದೆ. ನಾತೂರ್ ನನ್ನನ್ನು ಸರಿಸಿ ತಾನೇ ಹೋಗಿ ಬಟ್ಟೆಯನ್ನು ಒಳಗೆಳೆದ. ಕೆಳಗೆ ಅಂಗಡಿಯ ಗಾಜಿನ ಬಾಗಿಲು ತೆರೆಯಿತು. ಬಕಾಲದವನು ಗಾಡಿ ಹತ್ತಿದ. ಮುನ್ಸಿಪಾಲಿಟಿಯವನು ಇನ್ನೂ ಅಲ್ಲೇ ಬರೆಯುತ್ತಾ ನಿಂತಿದ್ದ.

ಬರುವುದು ಒಂದೇ ಸಲ ಅಂದಿದ್ದ.

ನಾನು ಯಾಯಾಳ ಮುಖ ನೋಡಿದೆ. ಗಾಡಿ ಸ್ಟಾರ್ಟ್ ಆದ ಸದ್ದು ಅವಳಿಗೂ ಕೇಳಿಸಿತ್ತು. ವಾಕರ್ ಹಿಡಿದು ಎದ್ದಳು. ಅವಸರವಿಲ್ಲದೆ ಬಾಗಿಲಿಗೆ ಹೋಗಿ ಆ ಗಂಡಸಿನ ಮಣಿಕಟ್ಟು ಹಿಡಿದಳು. ವಾಕರ್ ಬಿಟ್ಟುಬಿಟ್ಟಳು. ಇಡೀ ಭಾರ ಅವನ ಮೇಲೆ.

"ಸರ್, ವಾಟರ್. ಯುವರ್ ಹೌಸ್. ಸಿಟ್" ಅಂದಳು. ಆಮೇಲೆ ಅವಳ ಭಾಷೆಯಲ್ಲಿ ಶುರುಮಾಡಿದಳು. ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮೇಲಿನ ಮಹಡಿಯ ಬಾಗಿಲೊಂದು ತೆರೆಯಿತು. ಆ ಗಂಡಸು ಬಿಡಿಸಿಕೊಳ್ಳಲು ನೋಡಿದ. ತೊಂಬತ್ತು ದಾಟಿದ ಬಿಳಿ ಮುದುಕಿಯನ್ನು ಎಲ್ಲರೆದುರು ನೂಕುವುದು ಹೇಗೆ? ನಾತೂರ್ ಓಡಿಬಂದು ಇನ್ನೊಂದು ತೋಳು ಹಿಡಿದ. ಅವಳು ಇಬ್ಬರನ್ನೂ ಎಳೆದುಕೊಂಡು ಆರು ಹೆಜ್ಜೆ ನಡೆದು ಅವನ ಮನೆಯೊಳಗೆ ಹೋದಳು. ಬಾಗಿಲು ಅವರ ಹಿಂದೆ ಮುಚ್ಚಿತು.

ಹುಡುಗಿಯನ್ನು ಹೊರಗೆ ತಳ್ಳಿದೆ. ಅವಳು ಕುಂಟುತ್ತಾ ಲಿಫ್ಟ್ ದಾಟಿದಳು, ಕ್ಯಾಮರಾದ ಕೆಳಗೆ, ನಾನೇ ನಡೆದ ಹಾಗೆ. ಮೆಟ್ಟಿಲ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ನೋಡು ಅಂತ ನಾನೂ ಕಾದಿರಲಿಲ್ಲ.

ಇನ್ನು ನಾನು ಮನೆಯಲ್ಲಿ ಇರುವ ಹಾಗಿಲ್ಲ, ಯಾಕೆಂದರೆ ಕ್ಯಾಮರಾದ ಲೆಕ್ಕದಲ್ಲಿ ನಾನು ಕೆಳಗೆ ಹೋಗಿದ್ದೆನಲ್ಲ. ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತೆ. ಗೋಡೆಯಾಚೆ ಯಾಯಾಳ ಕೂಗು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಅದು ನಿಂತಮೇಲೆ ನನಗೆ ಹೆಚ್ಚು ಹೆದರಿಕೆಯಾಯಿತು. ಅವಳನ್ನು ಕರೆತರಲು ಹೋಗುವಂತಿಲ್ಲ. ಆ ಮನೆಯ ಕಪಾಟಿನ ಬಾಗಿಲು ನೆನಪಾಯಿತು. ಅರ್ಧ ಗಂಟೆ ಹಾಗೇ ಕೂತೆ.

ನಾತೂರ್ ಅವಳನ್ನು ಕರೆತಂದ. ನಾನು ಎದ್ದು ಬಂದದ್ದು ತಪ್ಪು, ಆದರೆ ಅವಳು ಕುರ್ಚಿಗೆ ಬೀಳುವಂತಿದ್ದಳು, ಹಿಡಿಯದಿದ್ದರೆ ಆಗುತ್ತಿರಲಿಲ್ಲ. ಅವನು ನನ್ನನ್ನು ನೋಡಿದ. ನನ್ನ ಬರಿಗಾಲು ನೋಡಿದ. ಬಾಗಿಲ ಹಿಂದಿನ ಖಾಲಿ ಮೊಳೆ ನೋಡಿದ, ಬುರ್ಖಾ ತೂಗುವ ಜಾಗ. ಕೆಂಪು ಬಟ್ಟೆಯನ್ನು ಮಡಿಚಿ ಮೇಜಿನ ಮೇಲಿಟ್ಟು ಹೋದ.  ಅವನು ಏನು ಮಾಡುತ್ತಾನೆ ಅಂತ ಆಮೇಲೆ ದಿನಾ ಕಾದೆ.

ಯಾಯಾಳ ತೋಳಿನ ಮೇಲೆ ಐದು ಬೆರಳ ಗುರುತು ನೀಲಿಗಟ್ಟಿತ್ತು. ಅವರು ನೀರು ಕೊಟ್ಟರಾ ಅಂತ ಕೇಳಿದೆ. "ಟೀ" ಅಂದಳು. "ಬ್ಯಾಡ್ ಟೀ."

ಮಧ್ಯಾಹ್ನ ಬಕಾಲದವನು ನೀರಿನ ಕ್ಯಾನು ಹೊತ್ತು ಬಂದ. ಮುಖ ಸುಣ್ಣದ ಹಾಗಿತ್ತು.

"ಮುಟ್ಟಿದಳು ಉಮ್ಮಾ. ಎಂಬೆಸಿ ಗೇಟಿನ ಒಳಗೆ ಹೋದದ್ದು ನೋಡಿಯೇ ಬಂದೆ. ನಿಮ್ಮ ಬುರ್ಖಾ ಅವಳ ಹತ್ರವೇ ಉಂಟು, ಹೊಸದು ತೆಗೊಳ್ಳಿ." ಕ್ಯಾನು ಇಳಿಸಿದ. "ಬಟ್ಟೆ ತೆಗೆದಿರಿ ಅಂತ ಬಂದೆ. ಗಾಡಿ ಆ ಮುನ್ಸಿಪಾಲಿಟಿಯವನ ಮೂಗಿನ ಎದುರು ನಿಂತಿತು. ಅವನು ಬರೀತಾ ಇದ್ದ, ಗಾಡಿಯ ನಂಬರೂ ಬರ್ಕೊಂಡಿರ್ಬೇಕು."

"ನಾನು ತೆಗೆದದ್ದಲ್ಲ" ಅಂದೆ.

"ಗೊತ್ತಾಯ್ತು ಬಿಡಿ."

ಮಂಗಳವಾರ ಇಬ್ಬರು ಪೊಲೀಸರು ಬಂದು ಅವನನ್ನು ಅಂಗಡಿಯಿಂದ ಕರೆದುಕೊಂಡು ಹೋದರು. ಬಾಲ್ಕನಿಯಿಂದ ನೋಡಿದೆ. ಓಣಿ ದಾಟಿ ಗಾಡಿ ಹತ್ತುವವರೆಗೂ ನಮ್ಮ ಕಡೆ ತಲೆ ಎತ್ತಲಿಲ್ಲ. ಒಳಗೆ ಬಂದು ಯಾಯಾಳಿಗೆ ಹೇಳಿದೆ. ಅವಳು ಆ ದಿನ ಊಟ ಮಾಡಲಿಲ್ಲ. ತಿನ್ನಬೇಕು ಅಂತ ಅವಳ ಮಾತನ್ನೇ ನಾನು ಹೇಳಲಿಲ್ಲ.

ಮೂರು ದಿನಕ್ಕೆ ಬಿಟ್ಟರು. ಯಾರೋ ಹೆಂಗಸು ಬಾಡಿಗೆಗೆ ಕರೆದಳು, ಬಿಟ್ಟು ಬಂದೆ, ಅಷ್ಟೇ ಅವನು ಹೇಳಿದ್ದು. ಅಂಗಡಿಯ ಮಾಲೀಕ ಹೆದರಿ ವೀಸಾ ರದ್ದು ಮಾಡಿ ಊರಿಗೆ ಕಳಿಸಿದ. ಮೂರು ಮಕ್ಕಳು ಅವನಿಗೆ. ಹುಡುಗಿ ನಾಲ್ಕು ತಿಂಗಳಾದಮೇಲೆ ಕಲಬುರಗಿಗೆ ಮುಟ್ಟಿದಳು ಅಂತ ಯಾರೋ ಹೇಳಿ ಕಳಿಸಿದರು. ಒಬ್ಬಳು ಹೋದಳು, ಒಬ್ಬ ಹೋದ. ಇಬ್ಬರೂ ಊರಿನ ಕಡೆಗೇ ವಿಮಾನ ಹತ್ತಿದ್ದು, ಆದರೆ ಎರಡೂ ಹೋಗುವುದು ಒಂದೇ ಅಲ್ಲ.

ಮೊಮ್ಮಗಳು ಬಂದಮೇಲೆ ಎಲ್ಲ ತಿಳಿದು ನನ್ನ ಮೇಲೆ ಕೂಗಾಡಿದಳು. ತಪ್ಪೇನಿಲ್ಲ. ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ಬಿಡಿಸುವುದು ಅಂತ ಆಯಿತು.

ಆ ತಿಂಗಳು ಮುಗಿಯುವ ಮುಂಚೆ ಒಂದು ಬೆಳಿಗ್ಗೆ ನಾನು ಮೊಟ್ಟೆ ತಂದು ಲಿಫ್ಟ್ ಹತ್ತಿದೆ. ಒಳಗೆ ನಾತೂರ್, ಅವನ ಪಕ್ಕದಲ್ಲಿ ಒಬ್ಬ ಹೆಂಗಸು. ಇಪ್ಪತ್ತೈದಿರಬಹುದು. ಕೈಯಲ್ಲಿ ಹೊಸ ಚೀಲ, ಅದಕ್ಕೆ ವಿಮಾನದ ಚೀಟಿ ಇನ್ನೂ ಅಂಟಿತ್ತು. ನಾತೂರ್ ಮೂರನೇ ನಂಬರ್ ಒತ್ತಿದ. ಅವಳು ನನ್ನ ಬುರ್ಖಾ ನೋಡಿ, ಹಿರಿಯಳು ಅಂತ ಧೈರ್ಯ ಮಾಡಿ, ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು:

"ಅಮ್ಮಾ, ನನ್ನನ್ನು ಕೆಲಸಕ್ಕೆ ಕರೆಸಿದ ಮನೆಯವರು ಹೇಗೆ?"

ನಾತೂರ್ ಲಿಫ್ಟಿನ ಮೇಲ್ಗಡೆಯ ದೀಪ ನೋಡುತ್ತಿದ್ದ.

"ಒಳ್ಳೆಯವರಲ್ಲ" ಅಂದೆ.

ಅವಳು ನಕ್ಕಳು. ಮುದುಕಿಯರು ಹೀಗೇ ಅಂದುಕೊಂಡಿರಬೇಕು. ಲಿಫ್ಟ್ ನಿಂತಿತು. ನಾತೂರ್ ಚೀಲ ಎತ್ತಿಕೊಂಡ. ಎದುರು ಮನೆಯ ಬಾಗಿಲು ತೆರೆದವನು ಆ ಗಂಡಸೇ, ಇಸ್ತ್ರಿ ಅಂಗಿ, ನಗುಮುಖ. ಅವಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಬೇರೆ ಎಲ್ಲಿಗೆ ಹೋಗುತ್ತಾಳೆ?